ಗಾಜಿನಾಚೆ ಯಜಮಾನರು

“ಕೈ ಹಾಕಿ ಸ್ವಲ್ಪ ನೀರು ತೆಗಿ” ಅಂದೆ.

ಸಾಕುವ ಮೀನು ಮಾರುವ ಮೀನಂಗಡಿಯವನು ನನ್ನ ಮುಖವನ್ನೇ ನೋಡಿದ. ಅಂಗಡಿಯ ಬೋರ್ಡಿನ ಮೇಲೆ ‘ಸಮುದ್ರಜೀವಿಗಳ ತಜ್ಞರು’ ಎಂದು ತಾನೇ ಬರೆಸಿಕೊಂಡ ಮನುಷ್ಯ. ಅಂಗಿಯ ತುಂಬ ಮೀನಿನ ಚಿತ್ರ. ಬಾಯಿ ತೆರೆದರೆ ಸಮುದ್ರವನ್ನು ತಾನೇ ತೋಡಿದವನ ಹಾಗೆ ಮಾತು.

“ಕೈಯಾ? ಇದರೊಳಗಾ? ಮೇಡಂ, ನನಗಿನ್ನೂ ಮದುವೆ ಆಗಿಲ್ಲ.”

“ಮೀನು ಎಡಗಡೆ ಇದೆ. ನಡುವೆ ಗಾಜಿನ ತಡೆ ಇದೆ. ಬಲಗಡೆ ಬರೀ ಮರಳು, ನಾಲ್ಕು ಕಲ್ಲು. ಹೆದರೋದೇನು?”

“ಡಾಕ್ಟರೂ ಮೊನ್ನೆ ಹಾಗೇ ಅಂದ್ಕೊಂಡ್ರಲ್ವಾ?”

ತಜ್ಞರ ಬಾಯಿಂದ ಆ ದಿನ ಬಂದ ಬುದ್ಧಿಯ ಮಾತು ಅದೊಂದೇ. ಅಡುಗೆಮನೆಯಿಂದ ಉದ್ದ ಹಿಡಿಯ ಸೌಟು ತರಿಸಿಕೊಂಡು, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ, ತುದಿ ಬೆರಳಲ್ಲಿ ಹಿಡಿದು ಒಂದು ಸೌಟು ನೀರು ಮೊಗೆದ.

ಮೊನ್ನೆ ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಇದೇ ಅಕ್ವೇರಿಯಂ ತೊಳೆಯಲು ಹೋಗಿ, ಕಲ್ಲುಮೀನಿನ ಮುಳ್ಳು ಚುಚ್ಚಿಸಿಕೊಂಡು, ಆಸ್ಪತ್ರೆಯ ದಾರಿಯಲ್ಲೇ ಸತ್ತಿದ್ದರು. ಅದು ಆಕಸ್ಮಿಕವಲ್ಲ, ಹೆಂಡತಿಯೇ ಕೊಂದಳು ಎಂದು ಡಾಕ್ಟರ ಅಣ್ಣ ನಮ್ಮ ಸ್ಟೇಷನ್ನಿಗೆ ದೂರು ಕೊಟ್ಟಿದ್ದ. ಅಣ್ಣ ವಕೀಲ. ನಮ್ಮ ಸಾಹೇಬರಿಗೆ ವಕೀಲರ ಮುಂದೆ ಬೆನ್ನುಮೂಳೆ ಇರುವುದಿಲ್ಲ.

ನನಗೆ ಸಾಕುಪ್ರಾಣಿಗಳ ಮೇಲೆ ದ್ವೇಷವಿಲ್ಲ. ನಾಯಿ ಸಾಕುವವನಿಗೆ ಪ್ರೀತಿ ಬೇಕು. ಬೆಕ್ಕು ಸಾಕುವವನಿಗೆ ದಿನಕ್ಕಿಷ್ಟು ಅವಮಾನ ಬೇಕು. ಇದನ್ನು ಸಾಕುವವನಿಗೆ ಏನು ಬೇಕು? ಬಂದವರು ಹೆದರಬೇಕು, ಅಷ್ಟೇ. ಅದಕ್ಕೇ ಆ ಮಹಾನುಭಾವ ಇದನ್ನು ಹಲ್ಲುನೋವಿನವರು ಕಾದು ಕೂರುವ ಕೋಣೆಯಲ್ಲಿ ಇಟ್ಟಿದ್ದು. ಮೊದಲೇ ದವಡೆ ಹಿಡಿದುಕೊಂಡು ನರಳುತ್ತಿರುವವರು ಇನ್ನಷ್ಟು ನಡುಗಲಿ ಎಂದು.

ಎಡಮೂಲೆಯಲ್ಲಿ ಅದು ಬಿದ್ದುಕೊಂಡಿತ್ತು. ಯಾರೋ ತುಳಿದು ಬಿಸಾಡಿದ ಹಳೇ ಬೂಟಿನ ಹಾಗೆ. ಮೈಮೇಲೆ ಪಾಚಿ, ಗಂಟು, ಕೊಳೆ. ಈಜುವುದಿಲ್ಲ, ಕದಲುವುದಿಲ್ಲ. ಬೆನ್ನಿನುದ್ದಕ್ಕೂ ಮುಳ್ಳುಗಳ ಸಾಲು, ಒತ್ತಿದರೆ ವಿಷ. ತಿನ್ನುವುದು, ಬಿದ್ದುಕೊಳ್ಳುವುದು, ಹತ್ತಿರ ಬಂದವರನ್ನು ಚುಚ್ಚುವುದು. ಇಂಥವರು ನಮ್ಮ ಇಲಾಖೆಯಲ್ಲೂ ಇದ್ದಾರೆ, ಅವರಿಗೆ ಬೇಗ ಬೇಗ ಪ್ರಮೋಷನ್ ಆಗುತ್ತದೆ.

ಡಾಕ್ಟರು ಅದಕ್ಕೆ ‘ಯಜಮಾನರು’ ಎಂದು ಹೆಸರಿಟ್ಟಿದ್ದರು. ಅಡ್ಡಹೆಸರಿಗೂ ಕನ್ನಡಿ ನೋಡಿಕೊಳ್ಳುವ ಜಾತಿ.

ಮೀನಂಗಡಿಯವನು ನೀರಿನ ಹನಿಯನ್ನು ಉಪ್ಪು ಅಳೆಯುವ ದುರ್ಬೀನಿನಂಥ ಸಣ್ಣ ಸಲಕರಣೆಗೆ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದ. ಹುಬ್ಬು ಗಂಟಿಕ್ಕಿದ. ಒರೆಸಿ ಮತ್ತೆ ನೋಡಿದ.

“ಉಪ್ಪು ಕಮ್ಮಿ ಇದೆಯಲ್ಲ ಮೇಡಂ.”

“ಕಮ್ಮಿ ಇದ್ರೆ ಏನಾಯ್ತು? ಸಾಯೋ ಮೊದಲು ಡಾಕ್ಟರು ರುಚಿ ನೋಡಲಿಲ್ಲವೇನೋ.”

“ತಮಾಷೆ ಅಲ್ಲ. ಉಪ್ಪುನೀರಿನ ಟ್ಯಾಂಕಿನಲ್ಲಿ ಉಪ್ಪು ಹೆಚ್ಚಾಗಬಹುದು, ತಾನಾಗೇ ಕಮ್ಮಿ ಆಗೋ ಮಾತೇ ಇಲ್ಲ. ನೀರು ಆರುತ್ತೆ, ಉಪ್ಪು ಆರುತ್ತಾ? ಅದಕ್ಕೇ ದಿನಾ ಆರಿದಷ್ಟಕ್ಕೆ ಸಾದಾ ನೀರು ಹಾಕಬೇಕು. ಡಾಕ್ಟರು ದಿನಾ ಬೆಳಿಗ್ಗೆ ಒಂದು ಚೊಂಬು ಹಾಕ್ತಿದ್ರು. ಉಪ್ಪಿನ ವಿಷಯದಲ್ಲಿ ಅವರು ಭಾರೀ ಕಟ್ಟುನಿಟ್ಟು.”

“ಮತ್ತೆ ಈಗ ಕಮ್ಮಿ ಹೇಗಾಯ್ತು?”

“ಯಾರೋ ಉಪ್ಪುನೀರು ತೆಗೆದಿದ್ದಾರೆ. ಸುಮಾರು ಒಂದು ಬಕೆಟ್. ಆಮೇಲೆ ಗೊತ್ತಾಗಬಾರದು ಅಂತ ನಲ್ಲಿ ನೀರು ತುಂಬಿಸಿದ್ದಾರೆ. ಡಾಕ್ಟರು ದಿನಾ ಸಾದಾ ನೀರು ಹಾಕೋದನ್ನ ನೋಡಿದ್ದಾರೆ, ಯಾಕೆ ಹಾಕ್ತಿದ್ರು ಅಂತ ಗೊತ್ತಿಲ್ಲ.”

ಅರ್ಧಂಬರ್ಧ ವಿದ್ಯೆ. ಅಪರಾಧಿಗಳಲ್ಲಿ ನನಗೆ ಇಷ್ಟವಾಗುವ ಗುಣ ಅದೊಂದೇ.

ಬಕೆಟ್ ತುಂಬ ಉಪ್ಪುನೀರು ಯಾರಿಗೆ ಬೇಕು? ಕುಡಿಯುವುದಕ್ಕಂತೂ ಅಲ್ಲ. ಸಮುದ್ರದ ಜೀವವೊಂದನ್ನು ಹೊತ್ತುಕೊಂಡು ಹೋಗುವವನಿಗೆ ಬೇಕು. ಆದರೆ ಈ ಮನೆಯ ಯಜಮಾನರು ಎಡಮೂಲೆಯಲ್ಲಿ ಹಾಯಾಗಿ ಬಿದ್ದುಕೊಂಡಿದ್ದಾರೆ. ಹಾಗಾದರೆ ಹೋದದ್ದು ಇನ್ನೊಬ್ಬರು.

“ಇಂಥ ಮೀನು ಈ ಮನೆಗೆ ಎಷ್ಟು ಮಾರಿದ್ದೀಯ?”

“ಒಂದೇ! ಬೇಕಾದ್ರೆ ದೇವರ ಮುಂದೆ…”

“ದೇವರನ್ನ ಬಿಡು, ಅವನಿಗೆ ಬೇರೆ ಕೆಲಸ ಇದೆ. ಹೊರಗೆ ಹೋಗಿ ಕೂತಿರು. ಓಡಿಹೋಗಬೇಡ.”

ಓಡುವ ಆಸಾಮಿಯಲ್ಲ. ಬೆವರು ಒರೆಸಿಕೊಳ್ಳುತ್ತ ಹೊರಗೆ ಹೋಗಿ ಜಗುಲಿಯ ಮೇಲೆ ಕುಳಿತ.

ಅಷ್ಟರಲ್ಲಿ ಸಾಹೇಬರ ಫೋನು.

“ಏನಮ್ಮಾ, ಮೀನು ನೋಡ್ತಾ ಕೂತಿದ್ದೀಯಂತೆ? ಸಂಜೆಯೊಳಗೆ ಆ ಹೆಂಗಸನ್ನ ಸ್ಟೇಷನ್‌ಗೆ ಕರ್ಕೊಂಡು ಬಾ. ವಕೀಲರು ಬೆಳಿಗ್ಗೆಯಿಂದ ನನ್ನ ತಲೆ ತಿಂತಿದ್ದಾರೆ.”

ಅಲ್ಲಿ ತಿನ್ನುವುದಕ್ಕೆ ಏನಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

“ಸಾರ್, ಕೊಂದದ್ದು ಅವಳಲ್ಲ.”

“ಫ್ಲಾಸ್ಕಿಗೆ ತಣ್ಣೀರು ತುಂಬಿದವಳು ಅವಳು ತಾನೆ?”

“ಸಂಜೆ ತನಕ ಟೈಮ್ ಕೊಡಿ. ಅವಳ ಕೈ ಶುದ್ಧ ಅಂತ ಸಾಬೀತು ಮಾಡಿ ತೋರಿಸ್ತೀನಿ. ಇಲ್ದಿದ್ರೆ ನಾನೇ ಕರ್ಕೊಂಡು ಬರ್ತೀನಿ.”

“ಆಮೇಲೆ ಮಾತು ಬದಲಾಯಿಸಬಾರದು” ಎಂದು ಫೋನಿಟ್ಟರು.

ಫ್ಲಾಸ್ಕಿನ ಕಥೆ ಇಷ್ಟು. ಈ ಮೀನಿನ ವಿಷ ಬಿಸಿಗೆ ಸಾಯುತ್ತದೆ. ಚುಚ್ಚಿದ ಕೂಡಲೇ ಕೈಯನ್ನು ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಇಟ್ಟು ಆಸ್ಪತ್ರೆಗೆ ಓಡಿದರೆ ಬದುಕುವ ದಾರಿ ಇದೆ. ಅದಕ್ಕೇ ಡಾಕ್ಟರು ಪ್ರತಿ ಭಾನುವಾರ ಟ್ಯಾಂಕ್ ತೊಳೆಯುವ ಮುಂಚೆ ಪಕ್ಕದ ಮೇಜಿನ ಮೇಲೆ ಕುದಿನೀರು ತುಂಬಿದ ಫ್ಲಾಸ್ಕು ಇರಲೇಬೇಕು ಎಂಬ ನಿಯಮ ಮಾಡಿದ್ದರು. ತುಂಬುವ ಕೆಲಸ ಹೆಂಡತಿಯದು. ಆಮೇಲೆ ಅವರು ಕೋಲಿನಿಂದ ಮೀನನ್ನು ಎಡಕ್ಕೆ ನೂಕಿ, ಗಾಜಿನ ತಡೆ ಇಳಿಸಿ, ಬಲಭಾಗವನ್ನು ಬರಿಗೈಯಲ್ಲಿ ತೊಳೆಯುತ್ತಿದ್ದರು. ಗ್ಲೌಸು ಕೈ ನಡುಗುವವರಿಗೆ ಎನ್ನುತ್ತಿದ್ದರಂತೆ. ಆ ಭಾನುವಾರ ಚುಚ್ಚಿತು. ಫ್ಲಾಸ್ಕು ಬಗ್ಗಿಸಿದರೆ ನೀರು ತಣ್ಣಗಿತ್ತು.

ಕುದಿನೀರೇ ತುಂಬಿದ್ದೆ ಎಂದು ಹೆಂಡತಿ ಅಂದಿನಿಂದ ಒಂದೇ ಮಾತು ಹೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮನೆಯಲ್ಲಿ ನಾಲ್ಕು ಜನರ ಮುಂದೆ ಎತ್ತರದ ದನಿಯಲ್ಲಿ ಮಾತಾಡಲು ಬಾರದ ಹೆಂಗಸಿನ ಸತ್ಯಕ್ಕೆ ಇಷ್ಟೇ ಬೆಲೆ.

ಅಡುಗೆಮನೆಯ ಬಾಗಿಲಿಗೆ ಹೋಗಿ ಅವಳನ್ನು ಕರೆದೆ. ಸಣ್ಣ ವಯಸ್ಸು. ಸೊಂಟದ ಮೇಲೆ ಹಾಲು ಕುಡಿಯುವ ಮಗು, ಅದರ ಬಾಯಲ್ಲಿ ಅಮ್ಮನ ಕೂದಲು.

“ಅದೇ ಫ್ಲಾಸ್ಕಿಗೆ, ಆವತ್ತಿನ ಹಾಗೇ, ಕುದಿಯೋ ನೀರು ತುಂಬಿ ಕೊಡಮ್ಮ.”

“ಆವತ್ತೂ ಕುದಿಯೋ ನೀರೇ ತುಂಬಿದ್ದೆ ಮೇಡಂ.”

“ಗೊತ್ತು. ಅದಕ್ಕೇ ಕೇಳ್ತಿದ್ದೀನಿ.”

ನಾನು ನಂಬುತ್ತೇನೆ ಎಂದು ಗೊತ್ತಾದಾಗಲೂ ಅವಳು ಅಳಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿ ಬಂದಳು.

“ಇದನ್ನ ತೊಳೆಯೋ ಕೆಲಸ ಇನ್ಮೇಲೆ ನಿಂದೇ ಅಂತ ಆವತ್ತೇ ಹೇಳಿದ್ರು ಮೇಡಂ” ಅಂದಳು, ಪಾತ್ರೆ ಒಲೆಗೆ ಇಡುತ್ತ. “ನನಗೆ ಕೈ ನೋವು, ನೀನು ಕಲಿ ಅಂದ್ರು. ನನಗೆ ಭಯ. ಒಂದ್ಸಲ ನೀವೇ ಮಾಡಿ ತೋರಿಸಿಕೊಡಿ ಅಂದೆ. ತೋರಿಸೋಕೆ ಹೋಗಿ ಹೀಗಾಯ್ತು.”

“ನಿನ್ನ ತಪ್ಪೇನಿಲ್ಲ ಬಿಡು” ಅಂದೆ. ಈ ಮಾತನ್ನು ನಾನು ಸುಲಭವಾಗಿ ಯಾರಿಗೂ ಹೇಳುವವಳಲ್ಲ.

“ಭಾವ ಮಗೂನ ತಮ್ಮ ಹತ್ರನೇ ಇಟ್ಕೋತಾರಂತೆ. ಮನೆತನದ ಕೂಸು, ಕೊಲೆಗಾತಿ ಹತ್ರ ಬೆಳೀಬಾರದು ಅಂದ್ರು. ಇನ್ನೂ ಹಾಲು ಬಿಡಿಸಿಲ್ಲ ಮೇಡಂ ಅದಕ್ಕೆ.”

“ನಿನ್ನ ಮಗು ಎಲ್ಲೂ ಹೋಗಲ್ಲ.”

ನನ್ನ ಜೊತೆ ಬಂದಿದ್ದ ಕಾನ್‌ಸ್ಟೇಬಲ್ ಫ್ಲಾಸ್ಕು ತಂದು ಮೇಜಿನ ಮೇಲೆ ಇಟ್ಟ. ಅವನೊಬ್ಬ ಮಹಾ ಗಮನದ ಮನುಷ್ಯ, ಬೇಡದ್ದನ್ನೆಲ್ಲ ಗಮನಿಸುತ್ತಾನೆ.

“ಒಲೆ ಮೇಲೆ ಇನ್ನೊಂದು ದೊಡ್ಡ ಪಾತ್ರೆ ನೀರು ಇಟ್ಟಿದ್ದಾರೆ ಮೇಡಂ.”

“ಮಗುಗೆ ಸ್ನಾನ ಮಾಡಿಸ್ತಾಳೆ. ನಿನಗೂ ಮಾಡಿಸಬೇಕಾ? ಸುಮ್ನೆ ಬಾಗಿಲಲ್ಲಿ ನಿಲ್ಲು.”

ಸ್ವಲ್ಪ ಹೊತ್ತು ಬಿಟ್ಟು ಫ್ಲಾಸ್ಕು ಮುಟ್ಟಿದೆ. ಕೈ ಹಿಂದಕ್ಕೆಳೆದುಕೊಂಡೆ. ಒಳ್ಳೆಯ ಫ್ಲಾಸ್ಕಿನ ಹೊರಮೈ ತಣ್ಣಗಿರುತ್ತದೆ. ಇದರದ್ದು ಚಹಾ ಪಾತ್ರೆಯ ಹಾಗೆ ಸುಡುತ್ತಿತ್ತು. ಒಳಗಿನ ಬಿಸಿಯೆಲ್ಲ ಹೊರಗೆ ಬರುತ್ತಿದೆ, ಅಂದರೆ ಎರಡು ಸ್ಟೀಲು ಪದರದ ನಡುವೆ ಬರಿದಾಗಿರಬೇಕಾದ ಜಾಗಕ್ಕೆ ಗಾಳಿ ಹೊಕ್ಕಿದೆ. ಬಟ್ಟೆಯಲ್ಲಿ ಹಿಡಿದು ತಲೆಕೆಳಗು ಮಾಡಿದೆ. ತಳದ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು. ದುಂಡಗೆ, ನುಣ್ಣಗೆ, ಅಂಚೂ ಏಳದ ಹಾಗೆ ಕೊರೆದದ್ದು.

ಗೋಡೆಯಾಚೆಗಿನ ಕೋಣೆಯಲ್ಲಿ ಹಲ್ಲು ಕೊರೆಯುವ ಯಂತ್ರ. ಮಹಡಿಯ ಮೇಲೆ ವಾಸ ಮಾಡುವ ಅಣ್ಣನ ಹತ್ತಿರ ಇಡೀ ಮನೆಯ ಬೀಗದ ಕೈ ಇದೆ. ಭಾನುವಾರ ಹೆಂಡತಿ ಗಂಡನನ್ನು ಮಡಿಲಲ್ಲಿ ಹಾಕಿಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ಹೊರಟಾಗ, ‘ಬೀಗ ಹಾಕಿ ಹಿಂದೆ ಬರ್ತೀನಿ’ ಎಂದು ಉಳಿದವನೂ ಅವನೇ. ಒಂದು ಬಕೆಟ್, ಒಂದು ಮೀನು, ನಲ್ಲಿ ನೀರು. ಎಲ್ಲ ಸರಿಹೋಯಿತು.

ಇಷ್ಟು ಸುಲಭವಾಗಿ ಸರಿಹೋದಾಗ ಅನುಮಾನ ಪಡಬೇಕಿತ್ತು. ಆದರೆ ಆ ವಕೀಲನನ್ನು ಕಂಡರೆ ನನಗೆ ಎಂಥ ತಿರಸ್ಕಾರ ಎಂದರೆ, ಅವನೇ ಎಂದು ಗೊತ್ತಾದ ಸಂತೋಷದಲ್ಲಿ ಮುಂದಿನದನ್ನು ಯೋಚಿಸುವ ತಾಳ್ಮೆ ಉಳಿಯಲಿಲ್ಲ.

“ಮೇಲಿನಿಂದ ವಕೀಲರನ್ನ ಕರಿ” ಅಂದೆ.

ಒಂದು ಗಂಟೆ ಕಾಯಿಸಿದ ಮೇಲೆ ಮೊದಲು ಸೆಂಟಿನ ವಾಸನೆ ಇಳಿದು ಬಂತು, ಆಮೇಲೆ ವಕೀಲರು. ತಮ್ಮ ಸತ್ತ ಮನೆಯಲ್ಲಿ ಇಸ್ತ್ರಿಯ ಗೆರೆ ಮುರಿಯದ ಅಂಗಿ. ಜೇಬಿನಲ್ಲಿ ಬಂಗಾರದ ಬಣ್ಣದ ಪೆನ್ನು. ನನ್ನನ್ನು ನೋಡಿದ್ದು ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗೆ.

“ಏನು ಇನ್ಸ್‌ಪೆಕ್ಟರಮ್ಮಾ, ಮೀನಿನ ಹೇಳಿಕೆ ತಗೊಂಡ್ರಾ?”

“ತಗೊಂಡೆ. ನಿಮಗಿಂತ ಕಮ್ಮಿ ಸುಳ್ಳು ಹೇಳ್ತು.”

“ನಾಲಿಗೆ ಬಿಗಿ ಹಿಡಿದು ಮಾತಾಡಿ. ನಾನು ಯಾರು ಗೊತ್ತಲ್ಲ?”

“ಗೊತ್ತಿಲ್ಲದೆ ಏನು? ನಿಮಗೆ ನೀವೇ ದಿನಾ ಹೇಳ್ಕೋತೀರಲ್ಲ. ಕೂತ್ಕೊಳ್ಳಿ.”

ಕೂರಲಿಲ್ಲ. ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತ.

“ವಕೀಲರೇ, ನಿಮಗೆ ಈ ಮೀನಿನ ವಿಷಯ ಎಷ್ಟು ಗೊತ್ತು?”

“ನನಗೆ ಇದೆಲ್ಲ ಅಸಹ್ಯ. ತಮ್ಮನ ಹುಚ್ಚು ಅದು. ಅದರ ಹತ್ರನೂ ಬರ್ತಿರಲಿಲ್ಲ ನಾನು.”

“ಟ್ಯಾಂಕಿನ ನೀರು ಯಾವತ್ತಾದ್ರೂ ಮುಟ್ಟಿದ್ದೀರಾ?”

“ಇಲ್ಲ.”

“ಬಕೆಟ್ಟಿನಲ್ಲಿ ಮೊಗೆದದ್ದು?”

ಕಣ್ಣುರೆಪ್ಪೆ ಆಡಿತು.

“ಏನು ಮಾತು ಅಂತ ಆಡ್ತೀರಿ? ಕೊಂದವಳು ಅಡುಗೆಮನೇಲಿ ನಿಂತಿದ್ದಾಳೆ. ಫ್ಲಾಸ್ಕಿಗೆ ತಣ್ಣೀರು ತುಂಬಿ ನನ್ನ ತಮ್ಮನ ಪ್ರಾಣ ತೆಗೆದಳು. ಅವಳನ್ನ ಬಿಟ್ಟು ನನ್ನ ಹತ್ರ ಬಕೆಟ್ಟು ಚೊಂಬು ಅಂತೀರಲ್ಲ!”

“ಅವಳು ಕುದಿನೀರೇ ತುಂಬಿದ್ದಳು. ಫ್ಲಾಸ್ಕಿನ ತಳ ಯಾರೋ ಕೊರೆದಿದ್ದಾರೆ. ಮುಟ್ಟಿ ನೋಡಿ, ಬಿಸಿಯೆಲ್ಲ ಹೊರಗೆ ಸೋರಿದೆ.”

ಮುಟ್ಟಲಿಲ್ಲ. ಆದರೆ ಫ್ಲಾಸ್ಕನ್ನು ನೋಡಿದ ರೀತಿ ವಿಚಿತ್ರವಾಗಿತ್ತು. ಸಿಕ್ಕಿಬಿದ್ದವನ ಭಯ ಅದರಲ್ಲಿ ಇರಲಿಲ್ಲ. ಬೇಡದ ಸುದ್ದಿ ಕೇಳಿದವನ ಮುಖ ಅದು. ನಾನು ಅದನ್ನೂ ನಾಟಕದ ಲೆಕ್ಕಕ್ಕೆ ಹಾಕಿದೆ.

“ನಿಮ್ಮ ಪೆನ್ನು ಸ್ವಲ್ಪ ಕೊಡಿ. ನೀವು ಹೇಳಿದ್ದನ್ನ ಬರ್ಕೋಬೇಕು.”

ಕೊಟ್ಟ. ನಾನು ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಟ್ಯಾಂಕಿನ ಬಲಭಾಗಕ್ಕೆ ಬಿಟ್ಟೆ. ಪೆನ್ನು ಮೆಲ್ಲಗೆ ಓಲಾಡುತ್ತ ಇಳಿದು, ಕಲ್ಲುಗಳ ಪಕ್ಕ ಮರಳಿನಲ್ಲಿ ಮಲಗಿತು.

“ಏನ್ರೀ ಇದು!”

“ಕೈ ಜಾರಿತು. ಬಿಡಿ, ಹೋದರೆ ಹೋಯ್ತು. ಅದರೊಳಗೆ ಯಾರು ಕೈ ಹಾಕ್ತಾರೆ?”

“ಅದೇನು ಪೆನ್ನು ಗೊತ್ತಾ ನಿಮಗೆ? ನಿಮ್ಮ ಯೋಗ್ಯತೆಗೆ…”

“ನನಗೆ ಧೈರ್ಯ ಇಲ್ಲಪ್ಪ. ಮೀನಂಗಡಿಯವನಿಗೂ ಇಲ್ಲ. ನಿಮಗಂತೂ…” ಎಂದು ತುಟಿ ಸೊಟ್ಟ ಮಾಡಿದೆ.

ಕೊಬ್ಬಿದವರಿಗೆ ಇಷ್ಟು ಸಾಕು.

“ಥೂ, ನಿಮ್ಮ! ಒಂದು ಮೀನು, ಅದೂ ಗಾಜಿನ ಆಚೆ. ಈಚೆ ಏನಿದೆ ಮಣ್ಣು? ಹೆದರುಪುಕ್ಕಲರು ಎಲ್ಲ.” ಅಂಗಿಯ ತೋಳು ಮಡಚಿದ.

ಬೆರಳು ನೀರಿಗೆ ತಾಕುವ ಮೊದಲೇ ಮಣಿಕಟ್ಟು ಹಿಡಿಯಬೇಕು ಎಂದು ನನ್ನ ಲೆಕ್ಕವಿತ್ತು. ಕೈ ಮುಂದೆ ಬಂದದ್ದೇ ಸಾಕ್ಷಿ. ಆದರೆ ಹಿಡಿಯಲಿಲ್ಲ. ಯಾಕೆ ಹಿಡಿಯಬೇಕು? ಬಲಗಡೆ ಖಾಲಿ ಎಂದು ನನಗೂ ಗೊತ್ತಿತ್ತು. ಮೊಣಕೈವರೆಗೂ ಇಳಿಯಲಿ, ಕಾನ್‌ಸ್ಟೇಬಲ್ ಕಣ್ಣಾರೆ ನೋಡಲಿ ಎಂದು ಬಿಟ್ಟೆ.

ವಕೀಲ ಕೈ ಇಳಿಸಿ ಪೆನ್ನಿಗಾಗಿ ತಡಕಾಡಿದ.

“ವಕೀಲರೇ” ಅಂದೆ, “ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಳ್ಳೋನನ್ನ ಕಂಡಿದ್ದೆ. ನೀವು ಕುಂಬಳಕಾಯಿ ಇದ್ದ ಜಾಗಕ್ಕೇ ಕೈ ಹಾಕಿ ತೋರಿಸ್ತಿದ್ದೀರಿ. ನಿಮ್ಮ ತಮ್ಮ ಸತ್ತದ್ದು ಇದೇ ಬಲಭಾಗದಲ್ಲಿ. ಆವತ್ತೂ ಮೀನು ಗಾಜಿನ ಆಚೆನೇ ಇತ್ತು. ಅದಕ್ಕೇ ಇವತ್ತು ಯಾರೂ ಈ ನೀರಿಗೆ ಕೈ ಹಾಕಲ್ಲ. ಹಾಕೋ ಧೈರ್ಯ ಒಬ್ಬನಿಗೇ ಇರೋದು. ಮರಳಿನಲ್ಲಿದ್ದ ಎರಡನೇ ಮೀನನ್ನ ಬಕೆಟ್ಟಿಗೆ ಹಾಕ್ಕೊಂಡು ಹೋದೋನಿಗೆ.”

ಅವನ ಮುಖದಿಂದ ರಕ್ತ ಇಳಿದುಹೋಯಿತು. ಎಷ್ಟು ಚಂದ ಇಳಿಯಿತು ಎಂದರೆ, ನಾನು ಆ ನೋಟವನ್ನು ಚಪ್ಪರಿಸಿಕೊಂಡು ಸವಿದೆ. ಸುಳ್ಳೇಕೆ?

ಆಮೇಲೆ ಅವನು ಚೀರಿದ.

ಮೊದಲು ನಾಟಕ ಅಂದುಕೊಂಡೆ. ನಾಟಕದವರು ಅಷ್ಟು ಕೆಟ್ಟದಾಗಿ ಚೀರುವುದಿಲ್ಲ. ಕೈ ಹೊರಗೆಳೆದುಕೊಂಡು, ಮಣಿಕಟ್ಟು ಹಿಸುಕುತ್ತ ನೆಲಕ್ಕೆ ಕುಸಿದ. ಹೆಬ್ಬೆರಳ ಬುಡದಲ್ಲಿ ರಕ್ತದ ಚುಕ್ಕೆಗಳು, ನೋಡನೋಡುತ್ತಿದ್ದಂತೆ ಸುತ್ತಲೂ ಊದಿಕೊಳ್ಳತೊಡಗಿತು.

ಟ್ಯಾಂಕಿನೊಳಗೆ ಪೆನ್ನಿನ ಪಕ್ಕದ ಮರಳು ಒಂದಿಷ್ಟು ಮೇಲೆದ್ದಿತ್ತು. ಅಲ್ಲಿದ್ದ ಕಲ್ಲೊಂದು ಬಾಯಿ ತೆರೆದು ಮುಚ್ಚಿತು. ಗಾಜಿನಾಚೆ ಎಡಮೂಲೆಯಲ್ಲಿ ಯಜಮಾನರು ತಮ್ಮ ಪಾಡಿಗೆ ತಾವಿದ್ದರು.

ತೆಗೆದದ್ದನ್ನು ಯಾರೋ ವಾಪಸು ತಂದು ಬಿಟ್ಟಿದ್ದರು. ಖಾಲಿ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮಿಬ್ಬರಷ್ಟು ಜಾಣರು ಊರಲ್ಲೇ ಇಲ್ಲ.

“ಆಂಬುಲೆನ್ಸ್! ಓಡು!” ಎಂದು ಕೂಗಿದೆ. ಕಾನ್‌ಸ್ಟೇಬಲ್ ಹೊರಗೆ ಓಡಿದ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬೆರಳದ್ದಿದೆ. ಇಷ್ಟು ಹೊತ್ತಿಗೇ ಉಗುರುಬೆಚ್ಚಗೆ. ಅದರಿಂದ ಪ್ರಯೋಜನವಿಲ್ಲ. ಅದನ್ನು ಸಾಬೀತು ಮಾಡಿದವಳೂ ನಾನೇ.

“ಬಿಸಿನೀರು!” ಎಂದು ವಕೀಲ ಅರಚಿದ. “ಯಾರಾದ್ರೂ ಬಿಸಿನೀರು ತನ್ನಿ!”

ತಿರುಗಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಗಲವಾದ ಬೇಸಿನ್ನು, ಅದರಿಂದ ಆವಿ ಏಳುತ್ತಿತ್ತು. ತೋಳಿನ ಮೇಲೆ ಮಡಿಸಿದ ಟವೆಲ್ಲು.

“ತಣ್ಣೀರು ಬೆರೆಸಿದ್ದೀನಿ ಮೇಡಂ. ಕೈ ತಡೆಯೋಷ್ಟು ಬಿಸಿ ಇದೆ” ಅಂದಳು.

“ಬಾ, ಬೇಗ ಇಡು” ಎಂದವಳು ಅಲ್ಲೇ ನಿಂತೆ.

ಅವನು ಚೀರಿದ್ದು ಈಗ. ನೀರು ಕುದಿಯುವುದು ಯಾವಾಗ, ಬೇಸಿನ್ನಿಗೆ ಸುರಿಯುವುದು ಯಾವಾಗ, ತಣ್ಣೀರು ಬೆರೆಸಿ ಹದ ನೋಡುವುದು ಯಾವಾಗ? ಒಲೆಯ ಮೇಲಿನ ದೊಡ್ಡ ಪಾತ್ರೆ ಮಗುವಿನ ಸ್ನಾನಕ್ಕಾಗಿರಲಿಲ್ಲ. ಬೇಡದ್ದನ್ನೆಲ್ಲ ಗಮನಿಸುವವನನ್ನು ಗದರಿಸಿ ಬಾಗಿಲಿಗೆ ಅಟ್ಟಿದ್ದೆ ನಾನು.

ಅವಳು ಮುಂದೆ ಬರಲಿಲ್ಲ.

“ಇಡ್ತೀನಿ ಮೇಡಂ. ಮೊದಲು ಭಾವ ಹೇಳಲಿ.”

“ನಿನಗೆ ತಲೆ ಕೆಟ್ಟಿದೆಯಾ? ಕೊಡಿಲ್ಲಿ!” ಎಂದು ಬೇಸಿನ್ನಿಗೆ ಕೈ ಚಾಚಿದೆ. ಅವಳು ಅದನ್ನು ಸ್ವಲ್ಪ ಓರೆ ಮಾಡಿದಳು. ಅಂಚಿನಿಂದ ಒಂದಿಷ್ಟು ನೀರು ನೆಲಕ್ಕೆ ಬಿತ್ತು. ನಾನು ಇನ್ನೊಂದು ಹೆಜ್ಜೆ ಇಟ್ಟರೆ ಉಳಿದದ್ದೂ ಬೀಳುತ್ತದೆ ಎಂದು ಇಬ್ಬರಿಗೂ ತಿಳಿಯಿತು.

“ಕಾರ್ ಶೆಡ್ಡಿನಲ್ಲಿ ಬಕೆಟ್ ಮುಚ್ಚಿಟ್ಟಿದ್ರಲ್ಲ ಭಾವ, ಅದು ಯಾಕೆ ಅಂತ ಹೇಳಿ. ಮೇಡಂ ಕೇಳಿಸ್ಕೊಳ್ಳಲಿ. ಆಮೇಲೆ ಕೈ ಇಡಿ.”

ಬಕೆಟ್ ಕಂಡುಹಿಡಿದು ಮೀನನ್ನು ವಾಪಸು ತಂದು ಬಿಟ್ಟವಳು ಇವಳೇ. ದನಿ ಏರಲಿಲ್ಲ. ನಾಲ್ಕು ಜನರ ಮುಂದೆ ಎತ್ತರದ ದನಿಯಲ್ಲಿ ಮಾತಾಡಲು ಬಾರದ ಹೆಂಗಸು ಎಂದು ಅವಳ ಮೇಲೆ ನನಗೆ ಕನಿಕರ ಬಂದಿತ್ತು.

“ತೆಗೆದದ್ದು ನಾನೇ!” ವಕೀಲ ಹಲ್ಲು ಕಚ್ಚಿದ. ಇಸ್ತ್ರಿ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. “ನಾನೇ ತೆಗೆದೆ, ನಿಜ. ನೀವೆಲ್ಲ ಹೋದಮೇಲೆ ಮರಳಿನಲ್ಲಿ ಕಂಡಿತು. ಆದ್ರೆ ಅಲ್ಲಿ ಇಟ್ಟೋನು ನಾನಲ್ಲ. ಆಣೆ ಮಾಡ್ತೀನಿ, ನಾನಲ್ಲ!”

“ಮತ್ಯಾರು?” ಅಂದೆ ನಾನು.

“ಅವನೇ! ನನ್ನ ತಮ್ಮನೇ! ಹೊರಗಿನೂರಿಂದ ಗುಟ್ಟಾಗಿ ತರಿಸಿದ್ದ. ಪ್ಯಾಕೆಟ್ಟು ಬಂದದ್ದು ನಾನು ನೋಡಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ. ಅದು ಇವಳಿಗೆ ಅಂತ ಇಟ್ಟಿದ್ದು. ಫ್ಲಾಸ್ಕು ಕೊರೆದದ್ದೂ ಅವನೇ ಇರಬೇಕು, ಅಂಥ ಕೈ ಇನ್ಯಾರಿಗಿದೆ? ಇದು ಹೊರಗೆ ಬಂದ್ರೆ ಮನೆತನದ ಮರ್ಯಾದೆ… ಅದಕ್ಕೇ ಮುಚ್ಚಿಟ್ಟೆ. ನೀರಲ್ಲಿ ಇಡು, ನಿನ್ನ ಕಾಲು ಹಿಡ್ಕೋತೀನಿ, ಇಡು!”

ಮನೆತನದ ಮರ್ಯಾದೆ! ಅವಳನ್ನೇ ಕೊಲ್ಲಲು ಹೊರಟಿದ್ದ ಗಂಡನ ಕೊಲೆಯನ್ನು ಅವಳ ತಲೆಗೇ ಕಟ್ಟಿ, ಹಾಲು ಕುಡಿಯುವ ಕೂಸನ್ನು ಕಿತ್ತುಕೊಂಡು ಉಳಿಸಬೇಕಿದ್ದ ಮರ್ಯಾದೆ. ಅಣ್ಣನೂ ತಮ್ಮನೂ ಒಂದೇ ಅಚ್ಚಿನವರು. ಕಾಲಲ್ಲಿ ಒದೆಯಬೇಕೆನಿಸಿತು.

ಅವಳು ಬಂದು ಮಂಡಿಯೂರಿದಳು. ಬೇಸಿನ್ನು ನೆಲಕ್ಕಿಟ್ಟು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು,  ಮಗುವಿಗೆ ಸ್ನಾನ ಮಾಡಿಸುವವಳ ಹಾಗೆ ಮೆಲ್ಲಗೆ ನೀರಿಗೆ ಇಳಿಸಿದಳು. ಅವನು ಮುಲುಗಿದ. ಮುಲುಗಾಟ ನಿಧಾನವಾಗಿ ಕಡಿಮೆಯಾಯಿತು.

“ಅದು ನನಗೆ ಅಂತ ಇಟ್ಟದ್ದು. ಗೊತ್ತು ಭಾವ” ಅಂದಳು.



“ಯಾವಾಗ ಗೊತ್ತಾಯ್ತು?” ಎಂದು ಕೇಳಿದೆ. ಕೇಳಬಾರದಿತ್ತು. ಕೇಳದೆ ಇರುವುದನ್ನು ಈ ಕೆಲಸ ನನಗೆ ಕಲಿಸಿಲ್ಲ.

“ಶನಿವಾರವೇ ಮೇಡಂ. ಮಗೂಗೆ ಹಾಲು ಕೊಡ್ತಾ ಈ ಬಾಗಿಲಲ್ಲಿ ಕೂತಿದ್ದೆ. ಅವರು ಅದನ್ನ ಯಾವ ಮೂಲೇಲಿ ಬಿಟ್ರು ಅಂತ ನೋಡಿದೆ. ಕೋಲಿನಲ್ಲಿ ನೂಕಿದ್ರೆ ಜರುಗುತ್ತೆ ಅಂತ ವರ್ಷಗಟ್ಟಲೆ ನೋಡಿದ್ದೆ.” ಟವೆಲ್ಲಿನ ತುದಿಯಿಂದ ಭಾವನ ಹಣೆ ಒರೆಸಿದಳು. “ಅದಕ್ಕೇ ಬೆಳಿಗ್ಗೆ, ಒಂದ್ಸಲ ನೀವೇ ಮಾಡಿ ತೋರಿಸಿಕೊಡಿ ಅಂದೆ. ಅದು ಆ ಮೂಲೇಲಿದೆ ಅಂದ್ಕೊಂಡು ಈ ಮೂಲೇಲಿ ಕೈ ಹಾಕಿದ್ರು.”

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಬಡಿಸಿದವಳು ಎದುರಿಗೇ ಕೂತಿದ್ದಾಗ ಆ ಮಾತು ಬಾಯಿಗೆ ಬರುವುದಿಲ್ಲ.

ವಕೀಲನಿಗೆ ಅರ್ಧ ಪ್ರಜ್ಞೆ. ಅವನು ಕೇಳಿಸಿಕೊಂಡನೋ ಇಲ್ಲವೋ ತಿಳಿಯದು. ಕಾನ್‌ಸ್ಟೇಬಲ್ ಗೇಟಿನ ಹತ್ತಿರ ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದ. ಒಳಗೆ ತೊಟ್ಟಿಲಲ್ಲಿ ಮಗು ಎದ್ದು ಅಳತೊಡಗಿತು. ಹಸಿದ ಅಳು. ಅವಳ ಎದೆಯ ಮೇಲೆ ಕುಪ್ಪಸ ಒದ್ದೆಯಾಯಿತು. ಆದರೂ ಭಾವನ ಕೈ ಬಿಡಲಿಲ್ಲ.

ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಾಹೇಬರು.

“ಏನಮ್ಮಾ, ಸಂಜೆ ಆಯ್ತು. ಅವಳ ಕೈ ಶುದ್ಧ ಅಂತ ಸಾಬೀತು ಮಾಡ್ತೀನಿ ಅಂದಿದ್ದೆಯಲ್ಲ. ಮಾಡಿದ್ಯಾ?”

ಮೇಜಿನ ಮೇಲೆ ತಳ ಕೊರೆದ ಫ್ಲಾಸ್ಕು ಇತ್ತು. ಅದೊಂದೇ ಸಾಕಿತ್ತು ಅವಳನ್ನು ಬಿಡಿಸಲು.

“ಹಲೋ? ಕೇಳಿಸ್ತಿದೆಯಾ?” ಎಂದರು ಸಾಹೇಬರು.

ಅವಳಿಗೂ ಕೇಳಿಸಿತ್ತು. ಬೇಸಿನ್ನಿನ ನೀರಿನಲ್ಲಿ ಎರಡೂ ಕೈ ಇಟ್ಟುಕೊಂಡೇ ಕೂತಿದ್ದಳು.

“ಹೇಳಿ ಮೇಡಂ” ಅಂದಳು, ತಲೆ ಎತ್ತದೆ.